ಕಾಟಕಾಯಿ ಅಂದವರು ಯಾರು? ಮಂಗಳೂರಿನ ಎರಡು ಗುಡ್ಡಗಳ ನಡುವೆ ಒಂದು ಬೆಳಗ್ಗೆ

ಡಿಸೆಂಬರ್ ಕೊನೆಯಲ್ಲಿ ಎರಡು ದಿನ ರಜೆ ಸಿಕ್ಕಿತ್ತು. ಬೆಂಗಳೂರಿನ ಚಳಿಗೆ ಬೆನ್ನು ಹಾಕಿ, ರಾತ್ರಿ ಬಸ್ಸು ಹತ್ತಿ ಮಂಗಳೂರಿಗೆ ಹೋದೆ. ಅಲ್ಲಿ ಚಳಿಗಾಲ ಅಂದ್ರೆ ಬೆಳಗ್ಗೆ ಹತ್ತು ಗಂಟೆಯವರೆಗೆ ಮಾತ್ರ. ಆಮೇಲೆ ಬೆವರು ಶುರು. ಹಾಗಾಗಿ ಹಂಪನಕಟ್ಟೆಯಲ್ಲಿ ಬನ್ಸು, ಚಹಾ ಮುಗಿಸಿ ನೇರ ಗುಡ್ಡ ಹತ್ತಿದೆ.

ಮಂಗಳೂರು ಅಂದ ಕೂಡಲೇ ನಮಗೆ ನೆನಪಾಗೋದು ಕಡಲು. ಆದರೆ ಕಾಲಿಗೆ ಗೊತ್ತಾಗೋದು ಗುಡ್ಡ. ಕದ್ರಿ, ಬಲ್ಮಠ, ಬಾವುಟಗುಡ್ಡೆ, ಎಲ್ಲಿ ಹೋದ್ರೂ ಏರು, ಇಳಿಜಾರು. ಇವತ್ತು ನಾನು ಹೇಳೋದು ಇವುಗಳಲ್ಲಿ ಎರಡು ಗುಡ್ಡಗಳ ಕಥೆ, ಮತ್ತು ನಮ್ಮ ಮನೆಯಲ್ಲೇ ಉಳಿದಿದ್ದ ಒಂದು ಪದದ ಕಥೆ.

ನನ್ನ ತಾಯಿಯ ಊರು ಸುಳ್ಯದ ಕಡೆ. ಚಿಕ್ಕವರಿದ್ದಾಗ ನಾವು ಮೊಮ್ಮಕ್ಕಳೆಲ್ಲ ಸೇರಿ ಅಟ್ಟದ ಮೇಲಿನ ಹಲಸಿನ ಹಪ್ಪಳದ ಡಬ್ಬಿಗೆ ಕೈ ಹಾಕಿದ್ರೆ ಅಜ್ಜಿ ಬೈತಿದ್ರು: 'ಏನಿದು, ಕಲ್ಯಾಣಪ್ಪನ ಕಾಟಕಾಯಿಯಾ?' ಕಾಟಕಾಯಿ ಅಂದ್ರೆ ಲೂಟಿ, ದಾಂಧಲೆ. ಕಲ್ಯಾಣಪ್ಪ ಯಾರೋ ದರೋಡೆಕೋರ ಇರಬೇಕು ಅಂತಲೇ ನಾನು ತುಂಬಾ ವರ್ಷ ಅಂದುಕೊಂಡಿದ್ದೆ.

ನಡೆದದ್ದು ಬೇರೆ. 1834ರಲ್ಲಿ ಬ್ರಿಟಿಷರು ಕೊಡಗಿನ ಅರಸ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿದರು. ಅಲ್ಲಿಯವರೆಗೆ ಕೊಡಗಿಗೆ ಸೇರಿದ್ದ ಅಮರ ಸುಳ್ಯ, ಪುತ್ತೂರು ಸೀಮೆಗಳನ್ನು ಕೆನರಾ ಜಿಲ್ಲೆಗೆ ಸೇರಿಸಿದರು. ಅರಸರ ಕಾಲದಲ್ಲಿ ರೈತರು ಕಂದಾಯವನ್ನು ಬೆಳೆಯ ರೂಪದಲ್ಲೇ ಕೊಡಬಹುದಿತ್ತು. ಕಂಪನಿ ಸರ್ಕಾರ ನಗದು ಕೇಳಿತು. ನೋಡಿ, ಕೈಯಲ್ಲಿ ಭತ್ತ ಇದೆ, ರೂಪಾಯಿ ಇಲ್ಲ. ಕಂದಾಯ ಕಟ್ಟಬೇಕಾದ್ರೆ ವ್ಯಾಪಾರಿ ಹೇಳಿದ ಬೆಲೆಗೆ ಭತ್ತ ಮಾರಬೇಕು, ಇಲ್ಲವೇ ಸಾಲ ಮಾಡಬೇಕು. ಸಿಟ್ಟು ಹುಟ್ಟಿದ್ದು ಇಲ್ಲಿಂದ.

1837ರಲ್ಲಿ ಸುಳ್ಯದಿಂದ ಹೊರಟ ದಂಡು ಬೆಳ್ಳಾರೆ, ಪುತ್ತೂರು, ಬಂಟ್ವಾಳ ದಾಟಿ ಏಪ್ರಿಲ್ 5ರಂದು ಮಂಗಳೂರು ತಲುಪಿತು. ಮುಂದೆ ನಿಂತವನು ಪುಟ್ಟಬಸಪ್ಪ. ಅರಸು ಮನೆತನದ ಕಲ್ಯಾಣಸ್ವಾಮಿ ತಾನೇ ಅಂತ ಜನರ ಮುಂದೆ ಬಂದವನು. ಜೊತೆಗೆ ಕೆದಂಬಾಡಿ ರಾಮಯ್ಯ ಗೌಡರು, ಗುಡ್ಡೆಮನೆ ಅಪ್ಪಯ್ಯ ಗೌಡರು, ಬಂಗಾಡಿಯ ಲಕ್ಷ್ಮಪ್ಪ ಬಂಗರಸ. ನಾನು ನಿಂತಿದ್ದ ಇದೇ ಗುಡ್ಡದ ಮೇಲೆ ಅವರ ಬಾವುಟ ಹಾರಿತು. ಹದಿಮೂರು ದಿನ ಮಂಗಳೂರು ಅವರ ಕೈಯಲ್ಲಿತ್ತು. ಆಮೇಲೆ ಕಣ್ಣೂರು ಕಡೆಯಿಂದ ಕಂಪನಿಯ ಸೈನ್ಯ ಬಂತು, ಎಲ್ಲ ಮುಗಿಯಿತು. ಅಪ್ಪಯ್ಯ ಗೌಡರನ್ನು ಮಡಿಕೇರಿ ಕೋಟೆಯಲ್ಲಿ ಗಲ್ಲಿಗೇರಿಸಿದರು. ಮಂಗಳೂರಿನಲ್ಲಿ ಗಲ್ಲು ನಡೆದ ಜಾಗ ಅಂತ ಊರವರು ಇಂದಿಗೂ ಬಿಕರ್ನಕಟ್ಟೆಯನ್ನು ತೋರಿಸುತ್ತಾರೆ.

1857ಕ್ಕೆ ಇಪ್ಪತ್ತು ವರ್ಷ ಮೊದಲೇ ನಡೆದದ್ದು ಇದು. ಆದರೂ ನಮ್ಮ ಮನೆಯಲ್ಲಿ ಉಳಿದದ್ದು 'ಕಾಟಕಾಯಿ' ಅನ್ನೋ ಪದ. ಯಾಕೆ?

ಉತ್ತರ ಹುಡುಕುತ್ತಾ ಬಾವುಟಗುಡ್ಡೆ ಇಳಿದು ಬಲ್ಮಠದ ಏರು ಹತ್ತಿದೆ. ಆರಾಮಾಗಿ ನಡೆದುಕೊಂಡೇ ಹೋಗಬಹುದು. ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದದ್ದು ಅದೇ 1834ರಲ್ಲಿ. ಅವರ ಹೆರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು 'ಮಂಗಳೂರ ಸಮಾಚಾರ' ಹೊರತಂದರು. ಕಲ್ಲಚ್ಚಿನಲ್ಲಿ ಮುದ್ರಿಸಿದ, ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ ಕನ್ನಡದ ಮೊದಲ ಪತ್ರಿಕೆ. ನಮ್ಮಂಥ ಸುದ್ದಿಮನೆಯವರು ಜುಲೈ 1ನ್ನು ಪತ್ರಿಕಾ ದಿನ ಅಂತ ಆಚರಿಸೋದು ಅದಕ್ಕೇ.

ಬಲ್ಮಠದಲ್ಲಿ ನಿಂತಾಗ ನನಗೆ ಹೊಳೆದದ್ದು ಇಷ್ಟು: ಬಾವುಟಕ್ಕೂ ಪತ್ರಿಕೆಗೂ ನಡುವೆ ಬರೀ ಆರು ವರ್ಷ. ಆ ಹದಿಮೂರು ದಿನ ಊರಲ್ಲಿ ಏನಾಯ್ತು ಅಂತ ಕನ್ನಡದಲ್ಲಿ ಅಚ್ಚು ಹಾಕೋಕೆ ಆಗ ಪತ್ರಿಕೆಯೇ ಇರಲಿಲ್ಲ. ಬರೆದಿಟ್ಟವರು ಕಂಪನಿಯ ಅಧಿಕಾರಿಗಳು. ಅವರ ಕಡತದಲ್ಲಿ ಇದು ದಂಗೆ. ಸೋತವರ ಮನೆಗಳಲ್ಲಿ ಉಳಿದದ್ದು ಭಯ, ಅದರ ಜೊತೆಗೆ ಆ ಪದ. ಅಷ್ಟು ದೊಡ್ಡ ದಂಡು ಊರಿಗೆ ನುಗ್ಗಿದಾಗ ಸಾಮಾನ್ಯರು ಹೆದರಿರಲೂಬಹುದು, ಅದನ್ನೂ ಮುಚ್ಚಿಡಬೇಕಾಗಿಲ್ಲ. ಆದರೆ ಭತ್ತದ ಲೆಕ್ಕ ಮರೆತು ಬರೀ ಲೂಟಿಯ ಹೆಸರು ಉಳಿದ್ರೆ, ಅದು ಅರ್ಧ ಚರಿತ್ರೆ.

ಉಳಿದರ್ಧವನ್ನು ತುಂಬುವ ಕೆಲಸ ನಿಧಾನಕ್ಕೆ ಆಗಿದೆ. ನಿರಂಜನರು 'ಕಲ್ಯಾಣಸ್ವಾಮಿ' ಕಾದಂಬರಿ ಬರೆದರು. ಈಗ 'ಅಮರ ಸುಳ್ಯ ಸ್ವಾತಂತ್ರ್ಯ ಹೋರಾಟ' ಅನ್ನೋ ಹೆಸರು ಬಳಕೆಗೆ ಬಂದಿದೆ. 2022ರ ನವೆಂಬರ್‌ನಲ್ಲಿ ಬಾವುಟಗುಡ್ಡೆಯಲ್ಲೇ ರಾಮಯ್ಯ ಗೌಡರ ಪ್ರತಿಮೆ ನಿಂತಿತು. ಪಕ್ಕದ ರಸ್ತೆಗೆ ಇಂದಿಗೂ ಲೈಟ್‌ಹೌಸ್ ಹಿಲ್ ರೋಡ್ ಅಂತಾರೆ. ಆದ್ರೆ ಗುಡ್ಡದ ಹೆಸರಲ್ಲಿ ಬಾವುಟ ಹಾಗೇ ಇದೆ.

ಸಂಜೆ ಅಮ್ಮನಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅಮ್ಮ ಅಂದ್ರು: 'ನಿನ್ನ ಅಜ್ಜಿಗೆ ಇದನ್ನ ಯಾರೂ ಹೇಳಿರ್ಲಿಲ್ಲ ಮಗಾ.'

ನಿಮ್ಮ ಮನೆಯ ಬೈಗುಳದಲ್ಲೂ ಇಂಥದ್ದೊಂದು ಹೆಸರು ಇರಬಹುದು. ಹಿರಿಯರು ಇರುವಾಗಲೇ ಕೇಳಿ ಬರೆದಿಡಿ.