ಯಾರ ಊರಿನ ಫುಟ್‌ಬಾಲ್?

ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡಿನ ರಗ್ಬಿ ತಂಡಗಳು ಒಂದು ಬೆಳ್ಳಿ ಬಟ್ಟಲಿಗಾಗಿ ಹೊಡೆದಾಡಿಕೊಳ್ಳುತ್ತವೆ. ಮುಚ್ಚಳದ ಮೇಲೆ ಆನೆ, ಮೂರು ಹಿಡಿಕೆಗಳಾಗಿ ಮೂರು ನಾಗರಹಾವು. ಹೆಸರು ಕಲ್ಕತ್ತಾ ಕಪ್. 1873ರಲ್ಲಿ ಕಲ್ಕತ್ತೆಯ ಬಿಳಿಯರು ಕಟ್ಟಿಕೊಂಡ ಕ್ಲಬ್ಬೊಂದು ಐದೇ ವರ್ಷಕ್ಕೆ ಸೊರಗಿತು. ಆ ಸೆಕೆಗೆ ಟೆನಿಸ್ಸು, ಪೋಲೊಗಳೇ ವಾಸಿ ಅನ್ನಿಸಿತ್ತು. ಕ್ಲಬ್ಬಿನಲ್ಲಿ ಬಿಟ್ಟಿ ಹೆಂಡ ನಿಂತಮೇಲೆ ಜನ ಕರಗಿದರು ಅಂತಲೂ ಹೇಳುತ್ತಾರೆ. ಉಳಿದವರು ಬ್ಯಾಂಕಿನಲ್ಲಿದ್ದ ಬೆಳ್ಳಿ ರೂಪಾಯಿಗಳನ್ನು ತೆಗೆಸಿ, ಕರಗಿಸಿ, ಬಟ್ಟಲು ಮಾಡಿಸಿ, 1878ರಲ್ಲಿ ಲಂಡನ್ನಿನ ರಗ್ಬಿ ಸಂಸ್ಥೆಗೆ ಒಪ್ಪಿಸಿ ಬಾಗಿಲು ಹಾಕಿಕೊಂಡರು. ಆ ರಗ್ಬಿ ಕ್ಲಬ್ಬಿನ ಹೆಸರು ಕಲ್ಕತ್ತಾ ಫುಟ್‌ಬಾಲ್ ಕ್ಲಬ್.

ಅಚ್ಚಿನ ತಪ್ಪಲ್ಲ. ಆ ಕಾಲಕ್ಕೆ ಅವರ ಆಟ ಫುಟ್‌ಬಾಲೇ. ಇವತ್ತಿಗೂ ಲಂಡನ್ನಿನ ಆ ಸಂಸ್ಥೆಯ ಪೂರ್ಣ ಹೆಸರು ರಗ್ಬಿ ಫುಟ್‌ಬಾಲ್ ಯೂನಿಯನ್.

ಕನ್ನಡದವರಿಗೆ ಇದು ಇನ್ನಷ್ಟು ಇಕ್ಕಟ್ಟು. ಫುಟ್ಟಿಗೆ ಕಾಲು, ಬಾಲಿಗೆ ಚೆಂಡು ಎಂದು ಎರಡನ್ನೂ ಒಂದು ಒತ್ತಕ್ಷರದಲ್ಲಿ ಹೊಲಿದು ಕಾಲ್ಚೆಂಡು ಮಾಡಿಕೊಂಡವರು ನಾವು. ತಮಿಳರೂ ಮಲಯಾಳಿಗಳೂ ಇದೇ ಹೊಲಿಗೆ ಹಾಕಿದರು, ದೂರದ ಫಿನ್‌ಲೆಂಡಿನವರೂ ಹಾಕಿದರು. ಅವರ ಯಾಲ್ಕಪಾಲ್ಲೊ ಅಕ್ಷರಶಃ ಕಾಲ್ಚೆಂಡು. ಸ್ಪೇನಿನವರು ಬಾಲೊಂಪಿಯೆ ಎಂದು ಚೆಂಡನ್ನು ಮುಂದಕ್ಕೆ ತಂದು ನೋಡಿದರು. ಅದು ಈಗ ಹೆಚ್ಚಾಗಿ ಸೆವಿಲ್ಲಾದ ಬೆಟಿಸ್ ಕ್ಲಬ್ಬಿನ ಹೆಸರಿನಂಥ ಕಡೆ ಒಡವೆಯ ಹಾಗೆ ಕೂತಿದೆ, ಜನ ಫುಟ್ಬೋಲ್ ಅನ್ನುತ್ತಾರೆ. ಇಟಲಿಯವರಿಗೆ ಚೆಂಡೇ ಬೇಡವಾಯಿತು, ಕಾಲ್ಚೊ ಅಂದರೆ ಒದೆ, ಅಷ್ಟೆ. ನಾವೆಲ್ಲ ಆ ಪದವನ್ನು ಆಟದ ವರ್ಣನೆ ಎಂದುಕೊಂಡು ಅನುವಾದಿಸಿದೆವು. ಪದ ಹುಟ್ಟಿದ ಊರಿನವರು ಅಷ್ಟು ನಿಯತ್ತಾಗಿ ಇರಲಿಲ್ಲ.

1863ರ ಅಕ್ಟೋಬರ್ 26ರಂದು ಲಂಡನ್ನಿನ ಫ್ರೀಮೇಸನ್ಸ್ ಟ್ಯಾವರ್ನ್ ಎಂಬಲ್ಲಿ ಕೆಲವು ಕ್ಲಬ್ಬುಗಳವರು ಒಂದೇ ನಿಯಮಾವಳಿ ಬರೆಯಲು ಕೂತರು. ಒಂದೊಂದು ಶಾಲೆಗೂ ಒಂದೊಂದು ಫುಟ್‌ಬಾಲ್ ಇದ್ದ ಕಾಲ ಅದು. ಡಿಸೆಂಬರಿನ ಹೊತ್ತಿಗೆ ಸಭೆ ಒಡೆಯಿತು. ಒಡೆದದ್ದು ಚೆಂಡನ್ನು ಕೈಯಲ್ಲಿ ಹಿಡಿದು ಓಡಬಹುದೇ ಎಂಬ ಪ್ರಶ್ನೆಯ ಮೇಲೆ. ಅದಕ್ಕಿಂತ ಜೋರಾಗಿ ಹ್ಯಾಕಿಂಗಿನ ಮೇಲೆ. ಹ್ಯಾಕಿಂಗ್ ಅಂದರೆ ಈಗ ಕಂಪ್ಯೂಟರು, ಆಗ ಎದುರಾಳಿಯ ಮುಂಗಾಲಿಗೆ ಬೂಟಿನಿಂದ ಒದೆಯುವ ಹಕ್ಕು. ಅದನ್ನು ಕಿತ್ತುಕೊಂಡರೆ ಆಟದ ಗಂಡಸುತನವೇ ಹೋಯಿತು, ಒಂದೇ ವಾರ ತಾಲೀಮು ಮಾಡಿದ ಫ್ರೆಂಚರು ಬಂದು ನಮ್ಮನ್ನು ಸೋಲಿಸುತ್ತಾರೆ ಎಂದು ಬ್ಲ್ಯಾಕ್‌ಹೀತ್ ಕ್ಲಬ್ಬಿನ ಪ್ರತಿನಿಧಿ ಕೂಗಾಡಿದ. ಆ ಕ್ಲಬ್ ಹೊರನಡೆಯಿತು, 1871ರಲ್ಲಿ ರಗ್ಬಿ ಯೂನಿಯನ್ ಕಟ್ಟಿದವರಲ್ಲಿ ಒಂದಾಯಿತು. ಅಂದರೆ ಕಾಲಿನಿಂದ ಒದೆಯಲೇಬೇಕು ಎಂದು ಹಟ ಹಿಡಿದವರೇ ಕೈಯಾಟದ ಕಡೆ ಹೋದರು. ಉಳಿದವರ ಮೊದಲ ನಿಯಮಗಳಲ್ಲೂ ಹಾರಿಬಂದ ಚೆಂಡನ್ನು ಕೈಯಲ್ಲಿ ಹಿಡಿಯಲು ಅವಕಾಶ ಇತ್ತು. ಹಿಡಿದು ಓಡುವಂತಿರಲಿಲ್ಲ, ಅಷ್ಟೇ ವ್ಯತ್ಯಾಸ. ರಗ್ಬಿಯವರೂ ಆಮೇಲೆ ಮುಂಗಾಲಿಗೆ ಒದೆಯುವುದನ್ನು ಬಿಟ್ಟರು. ಜಗಳದ ಕಾರಣ ಹೋಯಿತು, ಪಾಲು ಮಾತ್ರ ಉಳಿಯಿತು. ಅಣ್ಣತಮ್ಮಂದಿರ ಮನೆಗಳಲ್ಲಿ ಆಗುವುದೂ ಇದೇ.

ರಗ್ಬಿಯವರ ಪಾಲೂ ಮತ್ತೆ ಹಿಸ್ಸೆಯಾಯಿತು. ಉತ್ತರ ಇಂಗ್ಲೆಂಡಿನ ಗಿರಣಿ, ಗಣಿ ಕಾರ್ಮಿಕರು ಶನಿವಾರ ಆಡಲು ಹೋದರೆ ಅರ್ಧ ದಿನದ ಕೂಲಿ ಖೋತಾ. ಅದನ್ನು ತುಂಬಿಕೊಡಿ ಎಂದರೆ ದಕ್ಷಿಣದ ಉಳ್ಳವರು ಒಪ್ಪಲಿಲ್ಲ. 1895ರಲ್ಲಿ ಹಡರ್ಸ್‌ಫೀಲ್ಡಿನ ಜಾರ್ಜ್ ಹೋಟೆಲಿನಲ್ಲಿ ಸೇರಿ ಬೇರೆಯಾದವರ ಆಟವೇ ಹದಿಮೂರು ಜನರ ರಗ್ಬಿ ಲೀಗ್.

ಇವರೆಲ್ಲರಿಗಿಂತ ಮೊದಲು, 1859ರಲ್ಲೇ, ಮೆಲ್ಬರ್ನ್‌ನಲ್ಲಿ ಕ್ರಿಕೆಟಿಗ ಟಾಮ್ ವಿಲ್ಸ್ ಮತ್ತು ಗೆಳೆಯರು ತಮ್ಮದೇ ನಿಯಮ ಬರೆದಿದ್ದರು. ಚಳಿಗಾಲದಲ್ಲಿ ಕ್ರಿಕೆಟಿಗರ ಮೈ ಜಡ್ಡುಗಟ್ಟದಿರಲಿ ಎಂಬುದು ವಿಲ್ಸ್‌ನ ಯೋಚನೆ. ಆಟ ಇವತ್ತಿಗೂ ಕ್ರಿಕೆಟ್ಟಿನ ಅಂಡಾಕಾರದ ಮೈದಾನದಲ್ಲೇ ನಡೆಯುತ್ತದೆ, ಒಂದು ಕಡೆ ಹದಿನೆಂಟು ಜನ. ಅದನ್ನೊಮ್ಮೆ ನೋಡಿದವರಿಗೆ ಮಿಕ್ಕ ಫುಟ್‌ಬಾಲುಗಳೆಲ್ಲ ಸ್ವಲ್ಪ ಸಪ್ಪೆ ಅನ್ನಿಸಿದರೆ ನನ್ನ ತಕರಾರಿಲ್ಲ.

ಐರ್ಲೆಂಡಿನಲ್ಲಿ ಈ ಪದಕ್ಕೆ ರಕ್ತ ಅಂಟಿದೆ. 1884ರಲ್ಲಿ ತರ್ಲ್ಸ್ ಪಟ್ಟಣದ ಹೋಟೆಲೊಂದರಲ್ಲಿ ಹುಟ್ಟಿದ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್ ನಾಡಿನ ಆಟಗಳನ್ನು ಉಳಿಸಲು ಹೊರಟಿತು. ಅವರ ಫುಟ್‌ಬಾಲಿನಲ್ಲಿ ಚೆಂಡು ದುಂಡಗೆ, ಆದರೆ ಕೈಯಲ್ಲಿ ಹಿಡಿಯಬಹುದು. ನಾಲ್ಕು ಹೆಜ್ಜೆ ಓಡಿ ಒಮ್ಮೆ ನೆಲಕ್ಕೆ ಪುಟಿಸಬೇಕು, ಇಲ್ಲವೇ ಬೂಟಿನ ತುದಿಗೆ ತಾಗಿಸಿ ಕೈಗೆ ತಂದುಕೊಳ್ಳಬೇಕು. 1920ರ ನವೆಂಬರ್ 21ರಂದು ಡಬ್ಲಿನ್ನಿನ ಕ್ರೋಕ್ ಪಾರ್ಕಿನಲ್ಲಿ ಇದೇ ಆಟ ನಡೆಯುತ್ತಿದ್ದಾಗ ಬ್ರಿಟಿಷ್ ಪಡೆಗಳು ನುಗ್ಗಿ ಗುಂಡು ಹಾರಿಸಿದವು. ಸತ್ತ ಹದಿನಾಲ್ವರಲ್ಲಿ ಮೈಕೆಲ್ ಹೋಗನ್ ಎಂಬ ಆಟಗಾರನೂ ಇದ್ದ. ಜಲಿಯನ್‌ವಾಲಾ ಬಾಗ್ ನಡೆದು ಎರಡು ವರ್ಷ ಆಗಿರಲಿಲ್ಲ.

ಹಾಗಾಗಿ ‘ವಿದೇಶಿ’ ಆಟಗಳ ಮೇಲಿನ ಆ ಸಂಸ್ಥೆಯ ಸಿಟ್ಟು ನಮಗೆ ಅರ್ಥವಾಗದ್ದಲ್ಲ. ಆದರೂ ಅದು ಒಮ್ಮೊಮ್ಮೆ ವಿಚಿತ್ರಕ್ಕೆ ತಿರುಗುತ್ತಿತ್ತು. ಐರಿಷ್ ಭಾಷೆಗಾಗಿ ಬದುಕನ್ನೇ ಕೊಟ್ಟ ಡಗ್ಲಸ್ ಹೈಡ್ ದೇಶದ ಮೊದಲ ಅಧ್ಯಕ್ಷರಾದರು. 1938ರಲ್ಲಿ ಅಧ್ಯಕ್ಷರಾಗಿ ಪೋಲೆಂಡಿನ ವಿರುದ್ಧದ ಸಾಕರ್ ಪಂದ್ಯಕ್ಕೆ ಹೋದ ತಪ್ಪಿಗೆ ಸಂಸ್ಥೆ ಅವರನ್ನು ತನ್ನ ಪೋಷಕ ಸ್ಥಾನದಿಂದ ಕಿತ್ತುಹಾಕಿತು. ಪರರ ಆಟ ಆಡುವುದರ, ನೋಡುವುದರ ಮೇಲಿನ ನಿಷೇಧ ತೆಗೆದದ್ದು 1971ರಲ್ಲಿ. 2007ರ ಫೆಬ್ರವರಿಯಲ್ಲಿ ಅದೇ ಕ್ರೋಕ್ ಪಾರ್ಕಿನಲ್ಲಿ ಇಂಗ್ಲೆಂಡಿನ ರಗ್ಬಿ ತಂಡ ನಿಂತು ತನ್ನ ರಾಷ್ಟ್ರಗೀತೆ ಕೇಳಿಸಿಕೊಂಡಿತು, ಪ್ರೇಕ್ಷಕರು ಸುಮ್ಮನೆ ನಿಂತು ಮರ್ಯಾದೆ ಕೊಟ್ಟರು. ಆಮೇಲೆ ಐರ್ಲೆಂಡ್ 43–13ರಿಂದ ಚಚ್ಚಿತು.

ಇನ್ನು ಅಮೆರಿಕ. ಕಾಲು ಅಲ್ಲಿ ಅಪರೂಪದ ನೆಂಟ, ಆಗಾಗ ಬಂದು ಒಂದು ಒದೆ ಕೊಟ್ಟು ಹೋಗುತ್ತದೆ. ಅದಕ್ಕೆ ಜಗತ್ತೆಲ್ಲ ನಗುತ್ತದೆ, ನಾನೂ ನಕ್ಕಿದ್ದೆ. ಆದರೆ 1869ರಲ್ಲಿ ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ಕಾಲೇಜುಗಳು ಆಡಿದಾಗ ಚೆಂಡನ್ನು ಹಿಡಿದು ಓಡುವಂತಿರಲಿಲ್ಲ. 1874ರಲ್ಲಿ ಕೆನಡಾದ ಮೆಕ್‌ಗಿಲ್‌ನವರು ಹಾರ್ವರ್ಡಿಗೆ ಬಂದು ರಗ್ಬಿಯ ರುಚಿ ಹತ್ತಿಸಿದರು, ಆಮೇಲೆ ವಾಲ್ಟರ್ ಕ್ಯಾಂಪ್ ನಿಯಮಗಳನ್ನು ತಿದ್ದುತ್ತಾ ಹೋದ, 1906ರಲ್ಲಿ ಮುಂದಕ್ಕೆ ಎಸೆಯುವುದೂ ಸಕ್ರಮವಾಯಿತು. ಹೆಸರು ನಿಂತಲ್ಲೇ ನಿಂತಿತ್ತು, ಕೆಳಗಿನ ಆಟ ಬದಲಾಯಿತು. ಟಾಕೀಸು ಹೋದಮೇಲೂ ನಾವು ಮೆಜೆಸ್ಟಿಕ್ಕಿಗೆ ಟಿಕೆಟ್ ಕೇಳುವುದಿಲ್ಲವೇ?

ನನಗೆ ಕೊನೆಗೆ ಹೊಳೆದದ್ದು ಊಟದ ಮಾತು. ಊಟ ಆಯ್ತಾ ಎಂದು ಮಂಡ್ಯದಲ್ಲಿ ಕೇಳಿದರೆ ತಟ್ಟೆಯಲ್ಲಿ ಮುದ್ದೆ, ವಿಜಯಪುರದಲ್ಲಿ ಜೋಳದ ರೊಟ್ಟಿ, ಮಂಗಳೂರಿನಲ್ಲಿ ಕುಚ್ಚಲಕ್ಕಿ. ಊಟ ಅನ್ನುವ ಪದ ಏನನ್ನೂ ಬಣ್ಣಿಸುವುದಿಲ್ಲ, ನೀವು ಯಾರ ಮನೆಯಲ್ಲಿ ಕೂತಿದ್ದೀರಿ ಎನ್ನುತ್ತದೆ. ಹೊರಗಿನದಕ್ಕೆ ಮಾತ್ರ ಬಾಲ ಬೇಕು: ನಾರ್ತ್ ಇಂಡಿಯನ್ ಊಟ. ಫುಟ್‌ಬಾಲೂ ಹಾಗೆಯೇ. ಮೆಲ್ಬರ್ನ್‌ನಲ್ಲಿ ಫುಟಿ ಅಂದರೆ ವಿಲ್ಸ್ ಮತ್ತು ಗೆಳೆಯರ ಆಟ, ಅದೇ ದೇಶದ ಸಿಡ್ನಿಯಲ್ಲಿ ಬಹುಮಟ್ಟಿಗೆ ರಗ್ಬಿ ಲೀಗ್. ಊರು ಯಾರದೋ, ಬಾಲವಿಲ್ಲದ ಹೆಸರು ಅವರದು.

ಬಾಡಿಗೆದಾರನ ಪಾಡು ನೋಡಬೇಕಾದರೆ ಸಾಕರ್ ಪದವನ್ನು ನೋಡಬೇಕು. ಇದು ಅಮೆರಿಕದ ಸೃಷ್ಟಿ ಎಂದು ಇಂಗ್ಲಿಷರು ಈಗ ಮೂಗು ಮುರಿಯುತ್ತಾರೆ. ಹೆತ್ತವರು ಅವರೇ. ರಗ್ಬಿಯನ್ನು ರಗರ್ ಮಾಡಿದ ಅಲ್ಲಿನ ಕಾಲೇಜು ಹುಡುಗರು 1863ರ ಸಭೆಯಿಂದ ಹುಟ್ಟಿದ ಫುಟ್‌ಬಾಲ್ ಅಸೋಸಿಯೇಷನ್ನಿನ ಹೆಸರಿನ ನಡುವಿನಿಂದ ಒಂದು ಚೂರು ಕಿತ್ತು ಸಾಕರ್ ಮಾಡಿದರು. ಅಮೆರಿಕದ ಸಂಸ್ಥೆ 1913ರಲ್ಲಿ ಫುಟ್‌ಬಾಲ್ ಅಸೋಸಿಯೇಷನ್ ಎಂದೇ ಹುಟ್ಟಿತ್ತು. 1945ರಲ್ಲಿ ಹೆಸರಿನೊಳಗೆ ಸಾಕರ್ ಬಂದು ಫುಟ್‌ಬಾಲಿನ ಪಕ್ಕ ಕೂತಿತು, 1974ರಲ್ಲಿ ಫುಟ್‌ಬಾಲ್ ಎದ್ದು ಹೋಯಿತು. ಆಸ್ಟ್ರೇಲಿಯಾದಲ್ಲಿ ಉಲ್ಟಾ: 2005ರಲ್ಲಿ ಅಲ್ಲಿನ ಸಂಸ್ಥೆ ಸಾಕರ್ ಬಿಟ್ಟು ಫುಟ್‌ಬಾಲ್ ಹೆಸರು ಹಾಕಿಕೊಂಡಿತು. ಅವರ ರಾಷ್ಟ್ರೀಯ ತಂಡವನ್ನು ಜನ ಕರೆಯುವುದು ಮಾತ್ರ ಸಾಕರೂಸ್ ಎಂದೇ.

ನಮ್ಮ ನೆಂಟರೊಬ್ಬರ ಮೊಮ್ಮಗ ನ್ಯೂಜೆರ್ಸಿಯಲ್ಲಿ ಶನಿವಾರಗಳಂದು ಚೆಂಡು ಒದೆಯುತ್ತಾನೆ. ಫುಟ್‌ಬಾಲ್ ಹೆಂಗಾಯ್ತೋ ಎಂದು ಅಜ್ಜಿ ಫೋನಿನಲ್ಲಿ ಕೇಳಿದರೆ, ಅದು ಬೇರೆ ಅಜ್ಜಿ, ನಂದು ಸಾಕರ್, ಎಂದು ಪ್ರತಿವಾರ ತಿದ್ದುತ್ತಿದ್ದ. ಸಾಕರ್ ಅಜ್ಜಿಯ ಬಾಯಲ್ಲಿ ಸಕ್ಕರೆಯಾಗುತ್ತಿತ್ತು. ಕೊನೆಗೆ ಅಜ್ಜ ಎಲ್ಲಿಂದಲೋ ಕಾಲ್ಚೆಂಡು ಅನ್ನುವ ಪದ ತೆಗೆದರು. ಬೆಂಗಳೂರಿನಲ್ಲಿ ನಾನು ಯಾರ ಬಾಯಲ್ಲೂ ಕೇಳದ, ಪಠ್ಯಪುಸ್ತಕದಲ್ಲಿ ದೂಳು ತಿನ್ನುತ್ತಿದ್ದ ಪದಕ್ಕೆ ನ್ಯೂಜೆರ್ಸಿಯಲ್ಲಿ ಕೆಲಸ ಸಿಕ್ಕಿತು. ಹುಡುಗನೂ ಒಪ್ಪಿದ. ಹಾಗಾದರೆ ಅಪ್ಪ ಟೀವಿಯಲ್ಲಿ ನೋಡುವುದು ಏನು ಎಂದು ಅವನು ಕೇಳಿದ್ದಕ್ಕೆ ಅಜ್ಜಿ ಯೋಚಿಸಲೂ ಇಲ್ಲ.

‘ಅದಾ? ತೆಂಗಿನಕಾಯಿ ಆಟ.’