ನಿರ್ಗಮಿಸುವ ಟಾಸ್ಕ್‌ಗಳು ಮತ್ತು ರೇಸ್ ಕಂಡಿಷನ್

ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಮ್‌ನ ತಿರುಳಾಗಿರುವ ಕರ್ನೆಲ್‌ನಲ್ಲಿ, ಮುಗಿಯುತ್ತಿರುವ ಟಾಸ್ಕ್ (ಓಡುತ್ತಿರುವ ಒಂದು ಕೆಲಸ) ತನ್ನ ಹೆಸರು ಟಾಸ್ಕ್‌ಗಳ ಪಟ್ಟಿಯಿಂದ ಹೋದ ಮೇಲೂ ತುಸು ಹೊತ್ತು ಓಡುತ್ತಿರುತ್ತದೆ. ಆ ಸಂದಿನಲ್ಲಿ ಪಟ್ಟಿಯನ್ನೇ ನಂಬಿದ ಕೋಡ್ ಎಡವುತ್ತದೆ. ಯಾವುದು ಮೊದಲು ನಡೆಯುತ್ತದೆ ಎಂಬುದರ ಮೇಲೆ ಫಲ ಬದಲಾಗುವ ರೇಸ್ ಕಂಡಿಷನ್‌ನ ಒಂದು ಬಗೆ ಇದು.

ಬಳ್ಳಾರಿ ಪಕ್ಕದ ಸಂಗನಕಲ್ಲಿನ ಕಡೆಯ ಕಲ್ಲು ಕ್ವಾರಿಗಳನ್ನು ಕಂಡವರಿಗೆ ಇದು ಬೇಗ ಹೊಳೆದೀತು. ಕೂಲಿಯವನೊಬ್ಬ ಹಾಜರಿ ಪುಸ್ತಕದಲ್ಲಿ ಸಹಿ ಹಾಕಿ ಹೊರಟ; ಬುತ್ತಿ ಡಬ್ಬಿ ಮರೆತದ್ದು ನೆನಪಾಗಿ ಮತ್ತೆ ಬಂಡೆಯ ಬುಡಕ್ಕಿಳಿದ. ಮದ್ದು ಸಿಡಿಸುವವನ ಕೈಯಲ್ಲಿರುವ ಪುಸ್ತಕದ ಪ್ರಕಾರ ಕೆಳಗೆ ಯಾರೂ ಇಲ್ಲ.

ಕರ್ನೆಲ್‌ನಲ್ಲಿ ಈ ಸಮಸ್ಯೆ ತಲೆದೋರಿದ್ದು ಆರ್‌ಸಿಯು ಎಂಬ ವಿಧಾನದ ಸುತ್ತ. ಓದುವವರನ್ನು ಬೀಗ ಹಾಕಿ ತಡೆಯದೆ, ಹಳೆಯ ಪ್ರತಿ ಹಿಡಿದವರೆಲ್ಲ ಕೈಬಿಟ್ಟ ಮೇಲೆ ಅದನ್ನು ಅಳಿಸುವುದು ಇದರ ಕ್ರಮ. 1990ರ ದಶಕದಲ್ಲಿ ಸೀಕ್ವೆಂಟ್ ಕಂಪನಿಯಲ್ಲಿ ಪಾಲ್ ಮೆಕೆನ್ನಿ, ಜಾನ್ ಸ್ಲಿಂಗ್‌ವೈನ್ ರೂಪಿಸಿದ ಇದು 2002ರಲ್ಲಿ ಲಿನಕ್ಸ್ ಕರ್ನೆಲ್‌ನ 2.5.43 ಆವೃತ್ತಿಗೆ ಬಂತು. ತಂದವರು ಆಗ ಐಬಿಎಂನಲ್ಲಿದ್ದ ದೀಪಂಕರ್ ಸರ್ಮಾ. ಕಡತದ ಹೆಸರು ಹುಡುಕುವ ಡಿಕ್ಯಾಶ್‌ಗೆ ಇದನ್ನು ಅಳವಡಿಸಲು ಅವರೊಂದಿಗೆ ದುಡಿದ ಮನೀಷ್ ಸೋನಿ ಐಬಿಎಂನ ಬೆಂಗಳೂರು ಕೇಂದ್ರದವರಾಗಿದ್ದರು.

ಬೆಂಗಳೂರಿನ ಇನ್ನೊಂದು ಕೊಡುಗೆ ಕೆಪ್ರೋಬ್ಸ್. ಪ್ರಸನ್ನ ಪಂಚಮುಖಿ, ಅನಂತ್ ಮಾವಿನಕಾಯನಹಳ್ಳಿ ಮೊದಲಾದವರು ಬೆಳೆಸಿದ ಇದು 2004ರಲ್ಲಿ ಲಿನಕ್ಸ್ 2.6.9ಕ್ಕೆ ಸೇರಿತು. ಓಡುತ್ತಿರುವ ಕರ್ನೆಲ್ ನಿಲ್ಲಿಸದೆ ಒಳಗೆ ಇಣುಕುವ ಸಾಧನ. ಇದರ ಒಡಹುಟ್ಟಾದ ಕೆರೆಟ್‌ಪ್ರೋಬ್ ಫಂಕ್ಷನ್ ಹಿಂತಿರುಗುವುದನ್ನೇ ಕಾದು ಕೂರುತ್ತದೆ. ಆದರೆ ಸಾಯುವ ಟಾಸ್ಕ್ ಹಿಂತಿರುಗುವುದೇ ಇಲ್ಲ! ಹಾಗಾಗಿ ನಿರ್ಗಮನದ ವೇಳೆ ಅದರ ಹೆಸರಿನ ಬಾಕಿ ದಾಖಲೆಗಳನ್ನು ವಾಪಸು ಪಡೆಯುವ ಏರ್ಪಾಡು ಬೇಕಾಯಿತು.

ಇಂಥ ಸಾಧನಗಳು ಬಳಸುವ ಟ್ರ್ಯಾಂಪೊಲೀನ್ ಎಂಬ ಕೋಡ್ ತುಣುಕನ್ನು ಅಳಿಸುವ ಮೊದಲು ಅದರೊಳಗೆ ಯಾವ ಟಾಸ್ಕೂ ಇಲ್ಲವೆಂದು ಖಾತ್ರಿಯಾಗಬೇಕು. ಅದಕ್ಕೆಂದೇ ಮೆಕೆನ್ನಿ 2014ರಲ್ಲಿ, ಲಿನಕ್ಸ್ 3.18ಕ್ಕೆ, ಟಾಸ್ಕ್ಸ್ ಆರ್‌ಸಿಯು ಬರೆದರು. ಅದು ಟಾಸ್ಕ್ ಪಟ್ಟಿಯನ್ನು ತಡಕುತ್ತದೆ. ಪಟ್ಟಿ ಬಿಟ್ಟು ಇನ್ನೂ ಓಡುತ್ತಿರುವವು ಕಣ್ತಪ್ಪುತ್ತವೆ. ಅವು ಹೊರಟು ಮುಗಿಯುವ ತನಕ ಎಸ್‌ಆರ್‌ಸಿಯು ಎಂಬ ಇನ್ನೊಂದು ವಿಧಾನದಿಂದ ಕಾಯುವುದು ಮೊದಲ ಪರಿಹಾರವಾಗಿತ್ತು. ಮದ್ದೇ ಹೊಸ ರೋಗ ತಂದಿತು: ಹೊರಡುವ ಟಾಸ್ಕ್ ಇನ್ನೊಂದಕ್ಕಾಗಿ ಕಾದು, ಆ ಇನ್ನೊಂದು ಟಾಸ್ಕ್ಸ್ ಆರ್‌ಸಿಯುಗಾಗಿ ಕಾದರೆ, ಎರಡೂ ಕದಲದ ಡೆಡ್‌ಲಾಕ್. ಟಾಸ್ಕ್‌ಗಳ ಗುಂಪಿಗೆ ಪ್ರತ್ಯೇಕ ಗುರುತು ಸಂಖ್ಯೆ ಕೊಡುವ ಪಿಐಡಿ ನೇಮ್‌ಸ್ಪೇಸ್ ಮುಚ್ಚುವಾಗ ಅದು ನಿಜವಾಗಿಯೂ ಸಂಭವಿಸಬಹುದಿತ್ತು.

ಕಾಯುವಿಕೆಗೆ ತೇಪೆ ಹಾಕುತ್ತ ಹೋಗುವುದಕ್ಕಿಂತ ಹಾಜರಿ ಪುಸ್ತಕವನ್ನೇ ತಿದ್ದುವುದು ಮೇಲಾಗಿತ್ತು. ಕೊನೆಗೆ ಆದದ್ದೂ ಅದೇ. 2024ರ ಮೇ ತಿಂಗಳಲ್ಲಿ ಬಿಡುಗಡೆಯಾದ ಲಿನಕ್ಸ್ 6.9ರಲ್ಲಿ, ಹೊರಡುತ್ತಿರುವ ಟಾಸ್ಕ್‌ಗಳಿಗೆ ಪ್ರತಿ ಪ್ರೊಸೆಸರಿನಲ್ಲೂ ಒಂದೊಂದು ಬೇರೆ ಪಟ್ಟಿ ಇದೆ.