ಇಪ್ಪತ್ತು ಡಾಲರಿನ ಚಿಟ್ಟೆ

ಸ್ಯಾನ್ ಫ್ರಾನ್ಸಿಸ್ಕೋ ನಗರದ ದಕ್ಷಿಣಕ್ಕೆ ಅಂಟಿಕೊಂಡಿರುವ ಬ್ರಿಸ್ಬೇನ್ ಊರಿನಲ್ಲಿ ಸ್ನೇಹಿತರೊಬ್ಬರು ಮನೆ ಕೊಳ್ಳುವಾಗ ಕಾಗದಪತ್ರ ನೋಡಿಕೊಡಲು ನನ್ನನ್ನು ಕರೆದಿದ್ದರು. ತೆರಿಗೆ, ವಿಮೆ, ಸಂಘದ ವಂತಿಗೆ ಎಲ್ಲ ಸರಿಯಿತ್ತು. ಒಂದು ಬಾಬ್ತು ಮಾತ್ರ ಅರ್ಥವಾಗಲಿಲ್ಲ: ಮನೆಯ ಹಿಂದಿನ ಬೆಟ್ಟದಲ್ಲಿ ಚಿಟ್ಟೆಗಳ ನೆಲೆ ಕಾಯಲು ವಾರ್ಷಿಕ ಶುಲ್ಕ. ಇಪ್ಪತ್ತು ವರ್ಷ ಲೆಕ್ಕಪತ್ರದಲ್ಲೇ ಕಳೆದವನು ನಾನು; ಚಿಟ್ಟೆಯ ಹೆಸರಿನಲ್ಲಿ ಖರ್ಚು ಬರೆದದ್ದನ್ನು ನೋಡಿದ್ದು ಅದೇ ಮೊದಲು.

ಆ ಬೆಟ್ಟ ಸ್ಯಾನ್ ಬ್ರೂನೋ. ಚಿಟ್ಟೆಯ ಹೆಸರು ಮಿಷನ್ ಬ್ಲೂ, ಅಂಗುಲದಷ್ಟು ಅಗಲ. ಅದರ ಹುಳು ಲೂಪಿನ್ ಜಾತಿಯ ಮೂರೇ ಗಿಡಗಳನ್ನು ತಿನ್ನುತ್ತದೆ, ಬೇರೇನನ್ನೂ ಮುಟ್ಟುವುದಿಲ್ಲ. ಲೂಪಿನ್ ನಮ್ಮ ಅವರೆ, ಹುರುಳಿಗಳ ಬಳಗದ್ದು. 1976ರಲ್ಲಿ ಅಮೆರಿಕ ಸರ್ಕಾರ ಈ ಚಿಟ್ಟೆಯನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿತು. ಆದರೆ ಬೆಟ್ಟದ ಮೇಲೆ ಮನೆ ಕಟ್ಟುವವರೂ ಕಾದಿದ್ದರು. ವರ್ಷಗಟ್ಟಲೆ ಜಗಳ ನಡೆದು ಕೊನೆಗೆ ರಾಜಿಯಾಯಿತು: ಕೆಲವೆಡೆ ಕಟ್ಟಿಕೊಳ್ಳಲಿ, ಬೆಟ್ಟದ ಬಹುಭಾಗ ಹಾಗೇ ಉಳಿಯಲಿ, ಕಟ್ಟಿದ ಮನೆಗಳು ಅದರ ಆರೈಕೆಗೆ ಪ್ರತಿವರ್ಷ ಹಣ ಕೊಡಲಿ. ಇದಕ್ಕಾಗಿ 1982ರಲ್ಲಿ ಕಾಯ್ದೆಯನ್ನೇ ತಿದ್ದಿದರು, 1983ರಲ್ಲಿ ಅನುಮತಿ ಸಿಕ್ಕಿತು. ದೇಶದಲ್ಲಿ ಈ ಬಗೆಯ ಮೊದಲ ಯೋಜನೆ ಅದು. ಆರಂಭದ ದರ ಮನೆಗೆ ವರ್ಷಕ್ಕೆ 20 ಡಾಲರ್.

ಕಡಿಮೆಯಾಯಿತು ಎಂದೇ ನನ್ನ ಅಭಿಪ್ರಾಯ. ಲೂಪಿನ್ ನೆಟ್ಟರೆ ಮುಗಿಯಲಿಲ್ಲ. ಅದಕ್ಕೆ ಬಿಸಿಲು ಬೇಕು, ಕೆದಕಿದ ಬರಡು ಮಣ್ಣು ಬೇಕು. ಮಣ್ಣು ಕುಸಿದ ಕಡೆ, ರಸ್ತೆ ಕಡಿದ ಅಂಚಿನಲ್ಲಿ ತಾನಾಗಿ ಏಳುತ್ತದೆ. ಹಿಂದೆ ಬೆಟ್ಟದಲ್ಲಿ ದನ ಮೇಯುತ್ತಿದ್ದವು. ಅದು ನಿಂತ ಮೇಲೆ ಪೊದೆ ಹುಲ್ಲುಗಾವಲಿಗೆ ನುಗ್ಗಿತು. ಜೊತೆಗೆ ಯುರೋಪಿನಿಂದ ಬಂದ ಗೋರ್ಸ್ ಎಂಬ ಮುಳ್ಳುಕಂಟಿ, ಕೋಲಾರದ ಕಡೆಯವರಿಗೆ ಹೇಳಬೇಕಿಲ್ಲದ ನೀಲಗಿರಿ ಮರ. ಊಟವಾದ ಮೇಲೆ ನಾವು ಬಾಯಿಗೆ ಹಾಕಿಕೊಳ್ಳುವ ಸೋಂಪೂ ಇಲ್ಲಿ ಕಿತ್ತೆಸೆಯಬೇಕಾದ ಕಳೆ! ಹಾಗಾಗಿ ದುಡ್ಡಿನ ಹೆಚ್ಚು ಪಾಲು ನೆಡುವುದಕ್ಕಲ್ಲ, ಕೀಳುವುದಕ್ಕೇ ಹೋಗುತ್ತದೆ.

ಬಳ್ಳಾರಿ ಸೀಮೆಯ ದರೋಜಿಯಲ್ಲಿ ಬಂಡೆಗೆ ಬೆಲ್ಲದ ಪಾಕ ಬಳಿದರೆ ಸಂಜೆಗೆ ಕರಡಿ ಇಳಿದು ಬರುತ್ತದೆ. ನೋಡುವವರಿಗೆ ಹಬ್ಬ. ಇಲ್ಲಿ ಹಾಗಿಲ್ಲ. ಚಿಟ್ಟೆ ವರ್ಷಕ್ಕೆ ಒಂದೇ ಪೀಳಿಗೆ, ರೆಕ್ಕೆ ಬಂದ ಮೇಲೆ ಬದುಕುವುದು ಹೆಚ್ಚೆಂದರೆ ಹತ್ತು ದಿನ. ಮೊಟ್ಟೆಯೊಡೆದ ಹುಳು ಸ್ವಲ್ಪ ತಿಂದು, ಗಿಡದ ಬುಡದ ತರಗಿನಲ್ಲಿ ತಿಂಗಳುಗಟ್ಟಲೆ ಮಲಗುತ್ತದೆ. ಎದ್ದು ಮೇಯುವಾಗ ಇರುವೆಗಳು ಅದರ ಮೈಯ ಸಿಹಿರಸ ಕುಡಿದು ಕಾವಲು ಕಾಯುತ್ತವೆ. ಗಿಡ ಬದುಕಿದರೆ ಸಾಲದು, ಬುಡದ ತರಗೂ ಇರುವೆಯೂ ಬೇಕು.

1998ರ ಎಲ್ ನಿನೋ ಮಳೆಯಲ್ಲಿ ಶಿಲೀಂಧ್ರ ತಗುಲಿ ಈ ಭಾಗದ ಎಷ್ಟೋ ಲೂಪಿನ್ ಸತ್ತವು. ನಗರದೊಳಗಿನ ಟ್ವಿನ್ ಪೀಕ್ಸ್ ಗುಡ್ಡದಲ್ಲಿ ಚಿಟ್ಟೆಗಳು ತೀರಾ ಕ್ಷೀಣಿಸಿದವು. ಅಲ್ಲಿ ಮತ್ತೆ ಗಿಡ ನೆಟ್ಟು, 2009ರಲ್ಲಿ ಮೊಟ್ಟೆಯಿಡುವ ಹೆಣ್ಣುಗಳನ್ನು ಸ್ಯಾನ್ ಬ್ರೂನೋದಿಂದಲೇ ಹಿಡಿದು ತಂದು ಬಿಟ್ಟರು. ರಾಜಿಯಲ್ಲಿ ಉಳಿದ ಬೆಟ್ಟವೇ ಬೀಜದ ಕಣಜವಾಯಿತು.

ಸ್ನೇಹಿತರು ಕೇಳಿದ್ದು ಒಂದೇ ಪ್ರಶ್ನೆ. "ಇದು ಎಲ್ಲಿಯವರೆಗೆ ಕಟ್ಟೋದು ಮಾರಾಯ್ರೇ?"

ಕಾಗದ ಇನ್ನೊಮ್ಮೆ ತಿರುವಿದೆ. ಕೊನೆಯ ತಾರೀಖು ಇರಲಿಲ್ಲ.